ಒಂದೇ ನಾಲಿಗೆಯ ಹಲವು ಉಚ್ಚಾರಗಳು

ನಮ್ಮ ಮನೆಗಳ ಮಕ್ಕಳು ಮೊಟ್ಟಮೊದಲು ಕಂಠಪಾಠ ಮಾಡುವ ಅಧ್ಯಾಯಗಳಲ್ಲಿ ಸೂರಃ ಅಲ್ ಇಖ್ಲಾಸ್ ಒಂದು. ನಾಲ್ಕು ವಚನಗಳ ಈ ಪುಟ್ಟ ಅಧ್ಯಾಯದ ಕೊನೆಯ ವಚನದಲ್ಲಿ ‘ಸರಿಸಮಾನ’ ಎಂಬ ಅರ್ಥದ ಒಂದು ಪದವಿದೆ. ನಾವು ಅದನ್ನು ‘ಕುಫುವನ್’ ಎಂದು ಓದುತ್ತೇವೆ. ಮೂಲದಲ್ಲಿ ಈ ಪದದ ಮೂರನೆಯ ಅಕ್ಷರ ‘ವಾವ್’ ಅಲ್ಲ, ‘ಹಂಝ’. ಗಂಟಲಿನ ಆಳದಲ್ಲಿ ಉಸಿರನ್ನು ತಟ್ಟನೆ ತಡೆದು ಬಿಟ್ಟಾಗ ಹೊರಡುವ ಆ ಧ್ವನಿಯನ್ನು ಇಲ್ಲಿ ಮೆದುಗೊಳಿಸಿ ‘ವ’ಕಾರವಾಗಿ ಹೇಳಲಾಗಿದೆ. ಇದೇ ಪದವನ್ನು ‘ಕುಫುಅನ್’ ಎಂದು ಹಂಝವನ್ನು ಉಳಿಸಿಕೊಂಡು ಓದಿದವರಿದ್ದಾರೆ. ‘ಕುಫ್‌ಅನ್’ ಎಂದು ನಡುವಿನ ಸ್ವರವನ್ನೂ ಬಿಟ್ಟು ಓದಿದವರಿದ್ದಾರೆ. ಮೂರೂ ಓದುಗಳು ಗುರುವಿನಿಂದ ಶಿಷ್ಯನಿಗೆ ಅಖಂಡವಾಗಿ ಹರಿದುಬಂದವು, ಮೂರೂ ಸರಿ.

ಆದರೆ ನಮ್ಮ ಕುತೂಹಲ ಇನ್ನೊಂದು ಸಂಗತಿಯ ಬಗ್ಗೆ. ‘ಕುಫುವನ್’ ಎಂದು ಹಂಝವನ್ನು ಮೆದುಗೊಳಿಸಿದ ಅದೇ ಬಾಯಿ, ಬೇರೊಂದು ಅಧ್ಯಾಯಕ್ಕೆ ಹೋದಾಗ ‘ಮುಅ್‌ಮಿನ್’ ಎಂಬ ಪದದಲ್ಲಿ ಹಂಝವನ್ನು ಗಟ್ಟಿಯಾಗಿಯೇ ಉಚ್ಚರಿಸುತ್ತದೆ. ಓದುವವನು ಒಬ್ಬನೇ, ನಮಾಝ್ ಒಂದೇ, ಬಹಳವಾದರೆ ಎರಡು ರಕಅತ್‌ಗಳ ಅಂತರ. ಒಂದೇ ನಾಲಿಗೆಯಲ್ಲಿ ಎರಡು ರೂಢಿಗಳು ಹೀಗೆ ಕೂಡಿ ಬಾಳುತ್ತಿರುವುದು ಹೇಗೆ?

ಅರೇಬಿಯಾದ ಗೋತ್ರಗಳ ನಡುವೆ ಹಂಝದ ವಿಷಯದಲ್ಲಿ ದೊಡ್ಡ ಭಿನ್ನತೆಯಿತ್ತು. ಮಕ್ಕಾ, ಮದೀನಾಗಳನ್ನೊಳಗೊಂಡ ಹಿಜಾಝಿನ ಜನರು ಸಾಮಾನ್ಯ ಮಾತಿನಲ್ಲಿ ಅದನ್ನು ಸಡಿಲಿಸಿ ಬಿಡುತ್ತಿದ್ದರು. ಪೂರ್ವದ ತಮೀಮ್ ಮೊದಲಾದ ಗೋತ್ರಗಳು ಅದನ್ನು ಒತ್ತಿ ಹೇಳುತ್ತಿದ್ದವು. ಹಿಜಾಝಿಗಳು ಅನಿವಾರ್ಯವಾದಾಗ ಮಾತ್ರ ಹಂಝವನ್ನು ಉಚ್ಚರಿಸುತ್ತಾರೆ ಎಂದು ಬಸ್ರಾದ ಹಳೆಯ ವ್ಯಾಕರಣಕಾರರು ದಾಖಲಿಸಿದ್ದಾರೆ. ಈ ಲೆಕ್ಕದಲ್ಲಿ ನೋಡಿದರೆ ‘ಕುಫುವನ್’ ಹಿಜಾಝಿನ ನಾಲಿಗೆ, ‘ಮುಅ್‌ಮಿನ್’ ತಮೀಮರ ನಾಲಿಗೆ. ಇನ್ನೂ ಸೋಜಿಗದ ಉದಾಹರಣೆ ‘ನಬಿ’ ಎಂಬ ಪದ. ಇದು ನಮ್ಮ ಕನ್ನಡದೊಳಕ್ಕೂ ಹಾಗೆಯೇ ಬಂದು ಕುಳಿತಿದೆ. ಮದೀನಾದ ಇಮಾಮ್ ನಾಫಿಅ್(ರಹ) ಇದನ್ನು ‘ನಬೀಅ್’ ಎಂದು ಹಂಝದೊಂದಿಗೆ ಓದಿದರು. ಅವರ ಶಿಷ್ಯ ಈಜಿಪ್ಟಿನ ವರ್ಶ್(ರಹ) ಅವರ ಓದು ಇಂದು ಮೊರೊಕ್ಕೊ, ಅಲ್ಜೀರಿಯಾಗಳಲ್ಲಿ ರೂಢಿಯಲ್ಲಿದೆ. ಆ ಓದಿನಲ್ಲಿ ‘ಮುಅ್‌ಮಿನ್’ ಎಂಬುದು ‘ಮೂಮಿನ್’ ಆಗಿ ಹಂಝವನ್ನು ಕಳೆದುಕೊಳ್ಳುತ್ತದೆ, ಆದರೆ ‘ನಬೀಅ್’ ಅದನ್ನು ಉಳಿಸಿಕೊಳ್ಳುತ್ತದೆ. ನಮ್ಮ ಓದಿನಲ್ಲಿ ಇದು ತಿರುವುಮುರುವು. ಹಂಝವನ್ನು ಬಿಡುವ ಮದೀನಾದವರು ಇಲ್ಲಿ ಇಟ್ಟುಕೊಂಡರು, ಇಟ್ಟುಕೊಳ್ಳುವ ಕೂಫಾದವರು ಇಲ್ಲಿ ಬಿಟ್ಟರು.

ಭಾರತ ಉಪಖಂಡದ ನಾವೆಲ್ಲ ಅನುಸರಿಸುವುದು ಕೂಫಾದ ಇಮಾಮ್ ಆಸಿಮ್(ರಹ) ಅವರಿಂದ ಹಫ್ಸ್(ರಹ) ಅವರು ತಲುಪಿಸಿದ ಓದನ್ನು. ಇದರೊಳಗೆ ಇಂಥ ವಿಶೇಷಗಳು ಇನ್ನೂ ಹಲವಿವೆ. ‘ಆ’ಕಾರವನ್ನು ‘ಏ’ಕಾರದ ಕಡೆಗೆ ಬಾಗಿಸುವ ‘ಇಮಾಲ’ ಎಂಬ ಕ್ರಮ ತಮೀಮ್, ಅಸದ್ ಮುಂತಾದ ಗೋತ್ರಗಳ ರೂಢಿ. ಹಫ್ಸ್‌ರ ಓದಿನಲ್ಲಿ ಇಡೀ ಕುರ್‌ಆನಿನಲ್ಲಿ ಅದು ಬರುವುದು ಒಂದೇ ಒಂದು ಕಡೆ: ಸೂರಃ ಹೂದ್‌ನ 41ನೆಯ ವಚನದಲ್ಲಿ, ಪ್ರವಾದಿ ನೂಹ್(ಅ) ಅವರ ಹಡಗಿನ ಪ್ರಸ್ತಾಪ ಬರುವಲ್ಲಿ, ‘ಮಜ್ರೇಹಾ’ ಎಂಬ ಪದದಲ್ಲಿ. ಎಲ್ಲೆಡೆ ‘ಅಲೈಹಿ’ ಎಂದು ಓದುವವರು ಸೂರಃ ಅಲ್ ಫತ್‌ಹ್‌ನ 10ನೆಯ ವಚನದಲ್ಲಿ ಮಾತ್ರ ‘ಅಲೈಹು’ ಎನ್ನುತ್ತೇವೆ. ಅದು ಹಿಜಾಝಿನ ಹಳೆಯ ಉಚ್ಚಾರ. ಮುಸ್‌ಹಫನ್ನು ಮೊದಲ ಬಾರಿ ಪೂರ್ಣ ಓದುವ ಮಕ್ಕಳು ಇಲ್ಲಿ ತಡವರಿಸುತ್ತಾರೆ, ಅಚ್ಚಿನ ತಪ್ಪೇನೋ ಎಂದು ಉಸ್ತಾದರ ಮುಖ ನೋಡುತ್ತಾರೆ. ಅದು ತಪ್ಪಲ್ಲ. ಒಬ್ಬ ಓದುಗಾರರ ನಾಲಿಗೆಯಲ್ಲಿ ಇದ್ದ ಭಿನ್ನತೆಯನ್ನು ಇದ್ದಂತೆಯೇ, ಸಪಾಟು ಮಾಡದೆ, ಹನ್ನೆರಡು ಶತಮಾನಗಳಿಗಿಂತ ಹೆಚ್ಚು ಕಾಲ ಕಾಪಾಡಿಕೊಂಡು ಬಂದುದರ ಗುರುತು.

ಭಿನ್ನತೆಯನ್ನು ಹೀಗೆ ಸಹಿಸುವ ಮನಸ್ಸು ಮುಸ್ಲಿಮ್ ಸಮಾಜಕ್ಕೆ ತಾನಾಗಿ ಬರಲಿಲ್ಲ, ಕಲಿಸಬೇಕಾಯಿತು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಪ್ರಸಿದ್ಧ ಪ್ರಸಂಗವಿದು. ಪ್ರವಾದಿ ಮುಹಮ್ಮದ್(ಸ) ಅವರ ಜೀವಿತ ಕಾಲದಲ್ಲಿ ಹಿಶಾಮ್ ಬಿನ್ ಹಕೀಮ್(ರ) ಅವರು ನಮಾಝ್‌ನಲ್ಲಿ ಸೂರಃ ಅಲ್ ಫುರ್ಕಾನ್ ಓದುತ್ತಿದ್ದುದು ಹ. ಉಮರ್(ರ) ಅವರ ಕಿವಿಗೆ ಬಿತ್ತು. ತಾವು ಪ್ರವಾದಿಯವರಿಂದ(ಸ) ಕಲಿತುದಕ್ಕಿಂತ ಅದು ಬೇರೆಯಾಗಿತ್ತು. ನಮಾಝ್‌ನಲ್ಲೇ ಮೇಲೆರಗುವಷ್ಟು ಸಿಟ್ಟು ಬಂತಾದರೂ ಸಲಾಮ್ ಹೇಳುವವರೆಗೆ ತಡೆದುಕೊಂಡರು. ಬಳಿಕ ಹಿಶಾಮರನ್ನು ಅವರ ಹೊದಿಕೆಯಲ್ಲಿಯೇ ಹಿಡಿದು ಜಗ್ಗಿ, ಯಾರು ನಿನಗಿದನ್ನು ಕಲಿಸಿದರು ಎಂದು ಕೇಳಿದರು. ಪ್ರವಾದಿಯವರೇ(ಸ) ಕಲಿಸಿದರು ಎಂಬ ಉತ್ತರವನ್ನು ನಂಬದೆ ಅವರನ್ನು ಎಳೆದುಕೊಂಡು ಪ್ರವಾದಿ ಸನ್ನಿಧಿಗೆ ಹೋದರು. ಪ್ರವಾದಿಯವರು(ಸ) ಮೊದಲು ಮಾಡಿದ ಕೆಲಸ, ಹಿಶಾಮರನ್ನು ಬಿಟ್ಟುಬಿಡುವಂತೆ ಉಮರರಿಗೆ ಹೇಳಿದ್ದು. ಆಮೇಲೆ ಇಬ್ಬರಿಂದಲೂ ಓದಿಸಿದರು. ಇಬ್ಬರ ಓದಿನ ಕುರಿತೂ ಇದು ಹೀಗೆಯೇ ಅವತೀರ್ಣವಾಗಿದೆ ಎಂದರು. ಕುರ್‌ಆನ್ ಏಳು ‘ಹರ್ಫ್’ಗಳಲ್ಲಿ ಇಳಿದಿದೆ, ನಿಮಗೆ ಸುಲಭವಾದುದನ್ನು ಓದಿರಿ ಎಂದು ತಿಳಿಸಿದರು.

ಈ ಪ್ರಸಂಗವನ್ನು ಅನೇಕರು ಗೋತ್ರಗಳ ಭಾಷಾಭೇದದ ಕಥೆಯಾಗಿ ಹೇಳುತ್ತಾರೆ. ಒಂದು ಸಣ್ಣ ವಿವರ ಅವರ ಗಮನದಿಂದ ಜಾರಿರುತ್ತದೆ. ಉಮರ್(ರ) ಕುರೈಶ್ ಗೋತ್ರದವರು, ಹಿಶಾಮ್(ರ) ಅವರೂ ಕುರೈಶರೇ. ಇಬ್ಬರ ಮನೆಮಾತೂ ಒಂದೇ. ಗೋತ್ರದ ಉಚ್ಚಾರವಷ್ಟೇ ಭಿನ್ನತೆಗೆ ಕಾರಣವಾಗಿದ್ದರೆ ಇವರಿಬ್ಬರ ನಡುವೆ ಜಗಳವೇ ಹುಟ್ಟುತ್ತಿರಲಿಲ್ಲ. ಕೊರ್ದೊಬಾದ ವಿದ್ವಾಂಸ ಇಬ್ನ್ ಅಬ್ದುಲ್ ಬರ್ರ್(ರಹ, ನಿಧನ ಹಿಜರಿ 463) ಇದನ್ನು ಎತ್ತಿ ತೋರಿಸಿದ್ದಾರೆ. ‘ಏಳು ಹರ್ಫ್’ ಎಂದರೆ ಏನೆಂಬ ಬಗ್ಗೆ ವಿದ್ವಾಂಸರಲ್ಲಿ ಹತ್ತಾರು ಅಭಿಪ್ರಾಯಗಳಿವೆ, ಆ ಚರ್ಚೆಯನ್ನು ಇಲ್ಲಿ ತೆರೆಯುವುದಿಲ್ಲ. ನಮಗೆ ಮುಖ್ಯವಾದುದು ಇಷ್ಟು: ಎರಡು ಓದುಗಳೂ ಹೊರಟದ್ದು ಪ್ರವಾದಿಯವರ(ಸ) ಒಂದೇ ಬಾಯಿಯಿಂದ. ತಿರ್ಮಿದಿಯಲ್ಲಿರುವ ಉಬಯ್ಯ್ ಬಿನ್ ಕಅಬ್(ರ) ಅವರ ವರದಿಯು ಈ ಸಡಿಲಿಕೆಯ ಕಾರಣವನ್ನೂ ಹೇಳುತ್ತದೆ. ತಮ್ಮ ಸಮುದಾಯದಲ್ಲಿ ಮುದುಕರಿದ್ದಾರೆ, ಮುದುಕಿಯರಿದ್ದಾರೆ, ಹುಡುಗ ಹುಡುಗಿಯರಿದ್ದಾರೆ, ಎಂದೂ ಪುಸ್ತಕ ಓದದವರಿದ್ದಾರೆ ಎಂದು ಪ್ರವಾದಿಯವರು(ಸ) ಜಿಬ್ರೀಲ್(ಅ) ಅವರಲ್ಲಿ ನಿವೇದಿಸಿಕೊಂಡಿದ್ದರು. ತೊಡರುವ ನಾಲಿಗೆಯವರ ಪರವಾಗಿ ಮಾಡಿದ ಶಿಫಾರಸು ಅದು.

ಮುಂದೆ ಹ. ಉಸ್ಮಾನ್(ರ) ಅವರ ಖಿಲಾಫತ್ ಕಾಲದಲ್ಲಿ, ಹಿಜರಿ 25ರ ಸುಮಾರಿಗೆ, ಓದಿನ ಭೇದಗಳು ಸೈನಿಕರ ನಡುವೆ ಕಲಹಕ್ಕೆ ತಿರುಗಿದಾಗ ಮುಸ್‌ಹಫಿನ ಪ್ರತಿಗಳನ್ನು ಸಿದ್ಧಪಡಿಸಲಾಯಿತು. ಆ ಕೆಲಸದ ಮುಂಚೂಣಿಯಲ್ಲಿದ್ದವರು ಝೈದ್ ಬಿನ್ ಸಾಬಿತ್(ರ). ಅವರು ಕುರೈಶರಲ್ಲ, ಮದೀನಾದ ಅನ್ಸಾರಿ. ಅವರ ಜೊತೆಗಿದ್ದ ಮೂವರು ಕುರೈಶರು. ಪೆಟ್ಟಿಗೆ ಎಂಬ ಅರ್ಥದ ಒಂದು ಪದದ ಬಗ್ಗೆ ಅವರಲ್ಲಿ ಭಿನ್ನಾಭಿಪ್ರಾಯ ಬಂತೆಂದು ಇಮಾಮ್ ಝುಹ್ರಿ(ರಹ) ತಿಳಿಸಿದ್ದಾರೆ. ಝೈದ್(ರ) ತಮ್ಮ ಊರಿನ ರೂಢಿಯಂತೆ ‘ತಾಬೂಹ್’ ಎಂದರು, ಕುರೈಶರು ‘ತಾಬೂತ್’ ಎಂದರು. ವಿಷಯ ಖಲೀಫರ ಬಳಿಗೆ ಹೋಯಿತು. ಕುರೈಶರ ಭಾಷೆಯಂತೆ ಬರೆಯಿರಿ ಎಂದು ತೀರ್ಮಾನವಾಯಿತು. ಝೈದ್(ರ) ಹಾಗೆಯೇ ಬರೆದರು. ಮನೆಯಲ್ಲಿ ಒಂದು ಉಚ್ಚಾರ, ಲೇಖನಿಯಲ್ಲಿ ಇನ್ನೊಂದು. ಇದೇ ಝೈದ್(ರ) ಪ್ರವಾದಿಯವರ(ಸ) ಸೂಚನೆಯಂತೆ ಯಹೂದಿಯರ ಬರಹವನ್ನೂ ಕೆಲವೇ ದಿನಗಳಲ್ಲಿ ಕಲಿತವರು ಎಂಬುದನ್ನು ನೆನೆದರೆ, ಅವರ ಆಯ್ಕೆಯ ಹಿಂದಿದ್ದ ವಿವೇಕ ಅರ್ಥವಾಗುತ್ತದೆ. ಬೇರೆಯವರ ಮಾತನ್ನು ತನ್ನ ಮಾತಿನೊಂದಿಗೆ ಕಲಸಿಹಾಕದೆ ಎರಡನ್ನೂ ಹೊರಬಲ್ಲ ಮನುಷ್ಯ ಅವರು.

ಇನ್ನು ಕೂಫಾಕ್ಕೆ ಬರೋಣ. ಇಮಾಮ್ ಆಸಿಮ್ ಬಿನ್ ಅಬಿನ್ನಜೂದ್(ರಹ) ಹಿಜರಿ 127ರ ಸುಮಾರಿಗೆ ತೀರಿಕೊಂಡವರು. ಅವರ ಇಬ್ಬರು ಶಿಷ್ಯರು ಲೋಕಪ್ರಸಿದ್ಧರು. ಒಬ್ಬರು ಶುಅಬಾ ಎಂದು ಕರೆಯಲ್ಪಡುವ ಅಬೂಬಕರ್ ಬಿನ್ ಅಯ್ಯಾಶ್(ರಹ), ಇನ್ನೊಬ್ಬರು ಹಫ್ಸ್ ಬಿನ್ ಸುಲೈಮಾನ್(ರಹ). ಹಫ್ಸ್ ಆಸಿಮರ ಪತ್ನಿಯ ಮಗ, ಅವರ ಆಶ್ರಯದಲ್ಲಿ ಬೆಳೆದವರು. ಗುರು ಒಬ್ಬರೇ, ಆದರೆ ಈ ಇಬ್ಬರ ಓದಿನಲ್ಲಿ ನೂರಾರು ಕಡೆ ವ್ಯತ್ಯಾಸ. ನಾವು ಆರಂಭದಲ್ಲಿ ಹೇಳಿದ ‘ಕುಫುವನ್’ ಹಫ್ಸ್‌ರದು, ‘ಕುಫುಅನ್’ ಶುಅಬಾರದು. ಇಂಥಲ್ಲಿ ಯಾರಿಗಾದರೂ ಮೊದಲು ಬರುವ ಅನುಮಾನ, ಇಬ್ಬರಲ್ಲಿ ಒಬ್ಬ ಶಿಷ್ಯ ಸರಿಯಾಗಿ ಕೇಳಿಸಿಕೊಂಡಿಲ್ಲ ಎಂಬುದು. ಹಫ್ಸ್‌ರಿಗೂ ಆ ಪ್ರಶ್ನೆ ಕಾಡಿತು. ಮಲತಂದೆಯಾಗಿದ್ದ ಗುರುವಿನ ಬಳಿಯೇ ಹೋಗಿ, ಶುಅಬಾರ ಓದು ನನ್ನದಕ್ಕಿಂತ ಬೇರೆಯಿದೆಯಲ್ಲ ಎಂದು ಕೇಳಿದರು. ಆಸಿಮ್ ಇಬ್ಬರನ್ನೂ ತಿದ್ದಲಿಲ್ಲ. ನಿನಗೆ ಕಲಿಸಿದ್ದು ಅಬೂ ಅಬ್ದುರ್ರಹ್ಮಾನ್ ಅಸ್ಸುಲಮಿಯವರು ಹ. ಅಲಿಯವರಿಂದ(ರ) ಪಡೆದ ಓದನ್ನು, ಶುಅಬಾಗೆ ಕಲಿಸಿದ್ದು ಝಿರ್ರ್ ಬಿನ್ ಹುಬೈಶ್ ಅವರು ಇಬ್ನ್ ಮಸ್‌ಊದ್(ರ) ಅವರಿಂದ ಪಡೆದ ಓದನ್ನು ಎಂದು ವಿವರಿಸಿದರು. ಒಬ್ಬ ಮನುಷ್ಯ ತನ್ನೊಳಗೆ ಎರಡು ಪರಂಪರೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡು, ಒಂದನ್ನು ಸಾಕುಮಗನಿಗೆ, ಇನ್ನೊಂದನ್ನು ಶಿಷ್ಯನಿಗೆ ಕೊಟ್ಟಿದ್ದರು. ಮನೆಯವನಿಗೆ ಮೇಲಾದುದು, ಹೊರಗಿನವನಿಗೆ ಕೀಳಾದುದು ಎಂಬ ಭಾವ ಅಲ್ಲಿರಲಿಲ್ಲ.

ಹಫ್ಸ್‌ರ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸೂರಃ ಅರ್ರೂಮ್‌ನ 54ನೆಯ ವಚನದಲ್ಲಿ, ಮನುಷ್ಯನು ದುರ್ಬಲನಾಗಿ ಹುಟ್ಟಿ, ಬಲ ಪಡೆದು, ಮತ್ತೆ ದೌರ್ಬಲ್ಯಕ್ಕೂ ನರೆಗೂ ಸರಿಯುವ ಪ್ರಸ್ತಾಪ ಬರುವಲ್ಲಿ, ದೌರ್ಬಲ್ಯ ಎಂಬ ಪದ ಮೂರು ಬಾರಿ ಬರುತ್ತದೆ. ಆಸಿಮ್ ಅದನ್ನು ‘ದಅ್‌ಫ್’ ಎಂದು ಕಲಿಸಿದ್ದರು. ಇದು ತಮೀಮರ ಉಚ್ಚಾರವೆನ್ನುತ್ತಾರೆ. ಪ್ರವಾದಿಯವರು(ಸ) ಇಬ್ನ್ ಉಮರ್(ರ) ಅವರಿಗೆ ‘ದುಅ್‌ಫ್’ ಎಂದು ಹೇಳಿಕೊಟ್ಟರೆಂಬ ಒಂದು ವರದಿ ಹಫ್ಸ್‌ರಿಗೆ ತಲುಪಿತು. ಇದು ಕುರೈಶರ ಉಚ್ಚಾರ. ಆ ವರದಿಯ ಸರಪಳಿಯ ಬಗ್ಗೆ ಹದೀಸ್ ವಿದ್ವಾಂಸರಲ್ಲಿ ಮಾತಿದೆ. ಹಫ್ಸ್ ಮಾಡಿದ್ದು ಹೀಗೆ: ಗುರುವಿನಿಂದ ಬಂದ ‘ದಅ್‌ಫ್’ ಅನ್ನು ಗುರುವಿನ ಹೆಸರಿನಲ್ಲಿಯೇ ತಲುಪಿಸಿದರು, ‘ದುಅ್‌ಫ್’ ಅನ್ನು ತಮ್ಮ ಆಯ್ಕೆಯೆಂದು ಹೇಳಿ ಓದಿದರು. ಇದೊಂದು ಪದವನ್ನು ಬಿಟ್ಟರೆ ಬೇರೆಲ್ಲೂ ಗುರುವಿನಿಂದ ಸರಿದಿಲ್ಲವೆಂದೂ ತಿಳಿಸಿದರು. ಆದ್ದರಿಂದ ಇಂದಿಗೂ ಆ ವಚನದಲ್ಲಿ ಹಫ್ಸ್‌ರ ಅನುಯಾಯಿಗಳು ಎರಡರಲ್ಲಿ ಯಾವುದನ್ನು ಓದಿದರೂ ಸಲ್ಲುತ್ತದೆ. ಗುರುಭಕ್ತಿ ಮತ್ತು ಸ್ವಂತ ನಿರ್ಣಯ ಒಂದೇ ಬಾಯಲ್ಲಿ ಇಷ್ಟು ಪ್ರಾಮಾಣಿಕವಾಗಿ ಜೊತೆಗಿದ್ದ ಉದಾಹರಣೆಗಳು ಹೆಚ್ಚಿಲ್ಲ ಎಂದೇ ನಮಗನಿಸುತ್ತದೆ.

ಓದುಗಾರರು ಅನುಭವದಲ್ಲಿ ಕಂಡುಕೊಂಡುದನ್ನು ಭಾಷಾ ವಿದ್ವಾಂಸರು ಶಾಸ್ತ್ರವಾಗಿ ಬರೆದರು. ಅವರಲ್ಲಿ ನಮಗೆ ತುಂಬ ಹಿಡಿಸುವವರು ಮೋಸುಲ್‌ನಲ್ಲಿ ಹುಟ್ಟಿ, ಹಿಜರಿ 392ರಲ್ಲಿ (ಕ್ರಿ.ಶ. 1002) ಬಗ್ದಾದಿನಲ್ಲಿ ನಿಧನರಾದ ಇಬ್ನ್ ಜಿನ್ನೀ. ಅವರ ತಂದೆ ಒಬ್ಬ ಗ್ರೀಕ್ ಗುಲಾಮ. ಅರಬಿಯು ರಕ್ತದಲ್ಲಿ ಬಾರದ ಮನೆತನದ ಈ ವ್ಯಕ್ತಿ ಅರಬಿ ಭಾಷೆಯ ಒಳಗುಟ್ಟುಗಳನ್ನು ‘ಅಲ್ ಖಸಾಇಸ್’ ಎಂಬ ಮಹಾಗ್ರಂಥದಲ್ಲಿ ಬಿಡಿಸಿಟ್ಟರು. ಶುದ್ಧವಾಗಿ ಮಾತನಾಡಬಲ್ಲ ಒಬ್ಬನೇ ವ್ಯಕ್ತಿಯ ಮಾತಿನಲ್ಲಿ ಎರಡು ಅಥವಾ ಹೆಚ್ಚು ಉಪಭಾಷೆಗಳು ಕೂಡಿದ್ದರೆ ಅದನ್ನು ಹೇಗೆ ತಿಳಿಯಬೇಕು ಎಂಬುದಕ್ಕೆಂದೇ ಅದರಲ್ಲಿ ಒಂದು ಅಧ್ಯಾಯವಿದೆ.

ಅವರು ಹೇಳುವ ಕ್ರಮ ಸರಳವಾಗಿದೆ. ಮೊದಲು ಕಿವಿಗೊಟ್ಟು ಎಣಿಸಬೇಕು. ಎರಡು ರೂಪಗಳನ್ನೂ ಆತ ಸರಿಸಮವಾಗಿ ಬಳಸುತ್ತಿದ್ದರೆ, ಆತನ ಗೋತ್ರವೇ ಎರಡನ್ನೂ ಬಳಸುತ್ತಿತ್ತೆಂದು ತಿಳಿಯುವುದು ಹೆಚ್ಚು ಸಮಂಜಸ. ಕಾವ್ಯದ ಅಳತೆಗೂ ಮಾತಿನ ವೈಶಾಲ್ಯಕ್ಕೂ ಎರಡೂ ಬೇಕಾಗುತ್ತವೆ. ಒಂದು ರೂಪ ಹೆಚ್ಚು, ಇನ್ನೊಂದು ಅಪರೂಪ ಎಂದಾದರೆ, ಅಪರೂಪದ್ದು ನೆರೆಯ ಗೋತ್ರದಿಂದ ಬಂದಿರುವ ಸಂಭವ ಹೆಚ್ಚು. ಆದರೆ ಹೊರಗಿನಿಂದ ಬಂದುದೂ ದೀರ್ಘಕಾಲದ ಬಳಕೆಯಿಂದ ಸ್ವಂತದ್ದರ ಸಮಕ್ಕೆ ನಿಲ್ಲಬಹುದು. ಒಂದೇ ಸರ್ವನಾಮದ ಸ್ವರವನ್ನು ಒಮ್ಮೆ ಎಳೆದು, ಒಮ್ಮೆ ನುಂಗಿ ಹೇಳಿರುವ ಹಳೆಯ ಕವಿಯೊಬ್ಬನ ಪದ್ಯವನ್ನು ಅವರು ಪರಿಶೀಲಿಸುತ್ತಾರೆ. ಛಂದಸ್ಸಿಗಾಗಿ ಕವಿ ಸೋತನೆಂದು ಅವರು ಹೇಳುವುದಿಲ್ಲ, ಆತನಲ್ಲಿ ಎರಡು ಉಪಭಾಷೆಗಳಿದ್ದವು ಎನ್ನುತ್ತಾರೆ. ಎಲ್ಲ ಉಪಭಾಷೆಗಳೂ ಪ್ರಮಾಣವೇ, ಒಂದನ್ನು ಹಿಡಿದು ಇನ್ನೊಂದನ್ನು ತಳ್ಳಿಹಾಕುವ ಹಕ್ಕು ನಮಗಿಲ್ಲ ಎಂಬುದು ಇನ್ನೊಂದು ಅಧ್ಯಾಯದ ತಿರುಳು. ಅಲ್ಲಿ ಅವರು ಏಳು ಹರ್ಫ್‌ಗಳ ಹದೀಸನ್ನೇ ಆಧಾರವಾಗಿ ತರುತ್ತಾರೆ.

ಬಸ್ರಾದ ಅಸ್ಮಈ ಹೇಳಿದ ಒಂದು ಪ್ರಸಂಗವನ್ನು ಅವರು ಉಲ್ಲೇಖಿಸುತ್ತಾರೆ. ಬೇಟೆಯ ಡೇಗೆಹಕ್ಕಿಯ ಹೆಸರಿನ ಬಗ್ಗೆ ಇಬ್ಬರು ಜಗಳವಾಡಿದರು. ಒಬ್ಬ ಮೊದಲ ಅಕ್ಷರ ‘ಸ್ವಾದ್’ ಎಂದ, ಇನ್ನೊಬ್ಬ ‘ಸೀನ್’ ಎಂದ. ದಾರಿಯಲ್ಲಿ ಮೊದಲು ಎದುರಾಗುವವನೇ ತೀರ್ಪುಗಾರನಾಗಲಿ ಎಂದು ಒಪ್ಪಿಕೊಂಡರು. ಬಂದವನು ಜಗಳ ಕೇಳಿ, ನಾನು ಎರಡನ್ನೂ ಹೇಳುವುದಿಲ್ಲ, ಅದು ‘ಝಕ್ರ್’ ಎಂದುಬಿಟ್ಟ! ನಾವು ಇಲ್ಲಿ ನಕ್ಕು ಮುಂದೆ ಹೋಗುತ್ತೇವೆ. ಇಬ್ನ್ ಜಿನ್ನೀ ನಿಂತು ಯೋಚಿಸಿದರು. ಆ ಘಳಿಗೆಯಲ್ಲಿ ಮೂವರ ಕಿವಿಗೂ ತಮ್ಮದಲ್ಲದ ಎರಡೆರಡು ರೂಪಗಳು ಬಿದ್ದವು, ಒಬ್ಬನ ಮಾತಿನೊಳಕ್ಕೆ ಹಲವರ ಮಾತು ಸೇರುವುದು ಹೀಗೆಯೇ ಎಂದು ಅವರು ಕಂಡುಕೊಂಡರು. ಜಗಳವೂ ಕಲಿಕೆಯ ದಾರಿಯಾಗುತ್ತದೆ.

ಈ ಮೂರು ಅಕ್ಷರಗಳ ಕಥೆ ನಮಗೆ ದೂರದ್ದಲ್ಲ. ಸೂರಃ ಅಲ್ ಫಾತಿಹಾದ ‘ಸಿರಾತ್’ ಎಂಬ ಪದವನ್ನು ನಾವು ಸ್ವಾದ್‌ನಿಂದ ಓದುತ್ತೇವೆ. ಮಕ್ಕಾದ ಇಮಾಮ್ ಇಬ್ನ್ ಕಸೀರ್(ರಹ) ಅವರ ಓದನ್ನು ತಲುಪಿಸಿದ ಕುನ್‌ಬುಲ್(ರಹ) ಸೀನ್‌ನಿಂದ ಓದಿದರು. ಕೂಫಾದ ಇಮಾಮ್ ಹಮ್ಝಾ(ರಹ) ಅವರಿಂದ ಖಲಫ್(ರಹ) ತಲುಪಿಸಿದ ಓದಿನಲ್ಲಿ ಸ್ವಾದ್‌ಗೆ ‘ಝ’ಕಾರದ ಬಣ್ಣ ತಾಗುತ್ತದೆ. ಮುಂದೆ ಬರುವ ದಪ್ಪ ಧ್ವನಿಯ ‘ತ್ವಾ’ ಅಕ್ಷರ ತೆಳು ಸೀನನ್ನು ತನ್ನ ಕಡೆಗೆ ಎಳೆಯುವುದರಿಂದ ಈ ವ್ಯತ್ಯಾಸಗಳು ಹುಟ್ಟುತ್ತವೆ.

ವಿದ್ವಾಂಸರೆಲ್ಲರೂ ಆರಂಭದಿಂದಲೇ ಇಷ್ಟು ಉದಾರಿಗಳಾಗಿದ್ದರು ಎಂದಲ್ಲ. ಏಳು ಓದುಗಾರರಲ್ಲಿ ಒಬ್ಬರಾದ ಅಬೂ ಅಮ್ರ್(ರಹ, ನಿಧನ ಹಿಜರಿ 154) ಒಂದು ಪದದ ಕೊನೆಯ ಸ್ವರದ ಬಗ್ಗೆ ಅಬೂ ಖೈರಾ ಎಂಬ ಮರುಭೂಮಿಯ ಅರಬನನ್ನು ಕೇಳಿದರು. ಬಂದ ಉತ್ತರ ತಾವು ಈ ಹಿಂದೆ ಕೇಳಿದ್ದಕ್ಕೆ ಹೊಂದಲಿಲ್ಲ. ನಿನ್ನ ಚರ್ಮ ಮೆತ್ತಗಾಗಿಬಿಟ್ಟಿದೆಯಪ್ಪ ಎಂದು ಛೇಡಿಸಿದರು. ಊರಲ್ಲಿ ಬಾಳಿ ನಿನ್ನ ನಾಲಿಗೆ ಕೆಟ್ಟಿತು ಎಂಬುದು ಇಂಗಿತ. ಆದರೆ ಅದೇ ಅಬೂ ಅಮ್ರ್ ಅನಂತರ ಎರಡೂ ರೂಪಗಳನ್ನು ವರದಿ ಮಾಡಿದರೆಂದು ಇಬ್ನ್ ಜಿನ್ನೀ ತಿಳಿಸುತ್ತಾರೆ. ಬೇರೊಬ್ಬ ನಂಬಿಕಸ್ಥನಿಂದ ಅದನ್ನು ಕೇಳಿದರೋ, ಅಬೂ ಖೈರಾನ ಮೇಲಿನ ಅನುಮಾನ ಕಳೆಯಿತೋ, ಅಂತೂ ಛೇಡಿಸಿದ ಬಾಯಿಯೇ ಸಾಕ್ಷಿಯನ್ನೂ ಹೇಳಿತು.

ಹಾಗೆಂದು ಯಾರು ಏನು ಬೇಕಾದರೂ ಓದಬಹುದೆಂದು ಯಾವ ಇಮಾಮರೂ ಹೇಳಲಿಲ್ಲ. ಇಬ್ನುಲ್ ಜಝರಿ(ರಹ, ನಿಧನ ಹಿಜರಿ 833) ಇದನ್ನು ಬಿಡಿಸಿ ಹೇಳಿದ್ದಾರೆ. ಒಬ್ಬ ಇಮಾಮರ ಓದೆಂದು ತಲುಪಿಸುವಾಗ ಅದರೊಳಗೆ ಇನ್ನೊಬ್ಬರ ಓದನ್ನು ಬೆರೆಸಬಾರದು, ಏಕೆಂದರೆ ಅದು ಸುಳ್ಳು ವರದಿಯಾಗುತ್ತದೆ. ಬೆರೆಸಿದಾಗ ವಾಕ್ಯದ ವ್ಯಾಕರಣವೇ ಕೆಡುವುದಾದರೆ ಅದು ನಿಷಿದ್ಧ. ಉಳಿದಂತೆ ಸಾಮಾನ್ಯ ಪಾರಾಯಣದಲ್ಲಿ ಅವರು ಬಿಗಿ ಮಾಡಲಿಲ್ಲ.

ಕರ್ನಾಟಕದ ನಮ್ಮ ಮನೆಗಳಲ್ಲಿ ಈ ಚರಿತ್ರೆಗೆ ದಿನನಿತ್ಯದ ಪ್ರತಿರೂಪವಿದೆ. ದಖನಿ ಉರ್ದು ಆಡುವವರು ಮಾತಿನಲ್ಲಿ ‘ಕ್ವಾಫ್’ ಅಕ್ಷರವನ್ನು ‘ಖಾ’ ಎಂದು ಉಚ್ಚರಿಸುತ್ತಾರೆ. ಸಮಾಧಿಗೆ ‘ಖಬರ್’ ಎನ್ನುತ್ತಾರೆ, ಹತ್ತಿರ ಎನ್ನಲು ‘ಖರೀಬ್’ ಎನ್ನುತ್ತಾರೆ. ಅದೇ ಅಜ್ಜಿ ಮಗ್ರಿಬ್‌ಗೆ ನಿಂತಾಗ ‘ಕುಲ್’ ಎಂಬ ಪದದ ಕ್ವಾಫನ್ನು ಗಂಟಲಿನ ಬುಡದಿಂದ ತಂದು ನಿಚ್ಚಳವಾಗಿ ಓದುತ್ತಾರೆ. ಮಂಗಳೂರಿನ ಬ್ಯಾರಿ ಕುಟುಂಬದಲ್ಲಿ ರಮಝಾನ್ ಬಂದರೆ ಮನೆಯೊಳಗೆ ‘ನೋಂಬು’, ಕನ್ನಡ ಭಾಷಣದಲ್ಲಿ ‘ಉಪವಾಸ’, ಮೈಸೂರು ಕಡೆಯ ಬೀಗರು ಬಂದಾಗ ‘ರೋಜಾ’. ಭಟ್ಕಳದ ನವಾಯತಿ, ಶಾಲೆಯ ಕನ್ನಡ, ಜುಮಾದ ಉರ್ದು ಎಲ್ಲವನ್ನೂ ಒಬ್ಬ ಹುಡುಗ ಒಂದೇ ದಿನದಲ್ಲಿ ಆಡಿ ಮುಗಿಸುತ್ತಾನೆ. ಕನ್ನಡದಲ್ಲೂ ಅಷ್ಟೇ. ಹಟ್ಟಿಯಲ್ಲಿ ‘ಆಲು’ ಕರೆದ ರೈತ ಡೇರಿಯ ಸಭೆಯಲ್ಲಿ ‘ಹಾಲು’ ಎನ್ನುತ್ತಾನೆ, ಸಭೆ ಮುಗಿದ ಮೇಲೆ ಮತ್ತೆ ‘ಆಲು’ ಎನ್ನುತ್ತಾನೆ.

‘ಎರಡು ನಾಲಿಗೆಯವನು’ ಎಂದರೆ ಕನ್ನಡದಲ್ಲಿ ನಂಬಬಾರದವನು ಎಂದರ್ಥ. ಆ ಮಾತನ್ನು ಉಚ್ಚಾರಕ್ಕೆ ಹೊರಿಸಿದಾಗಲೇ ತೊಂದರೆ ಶುರುವಾಗುವುದು. ಅಜ್ಜಿಯ ‘ಖಬರ್’ ಕೇಳಿ ಮೊಮ್ಮಗ ನಗುತ್ತಾನೆ, ನಿಮಗೆ ಸರಿಯಾಗಿ ಹೇಳಲು ಬರುವುದಿಲ್ಲ ಎನ್ನುತ್ತಾನೆ. ಅಜ್ಜಿ ಅವನ ಮುಂದೆ ಕುರ್‌ಆನ್ ಓದುವುದನ್ನೇ ಕಡಿಮೆ ಮಾಡುತ್ತಾರೆ. ಮನೆಮಾತಿನ ಧ್ವನಿ ಹೊಕ್ಕಿತೆಂದು ಮದ್ರಸದಲ್ಲಿ ಎಲ್ಲರೆದುರು ನಗೆಗೀಡಾದ ಹುಡುಗಿ ಮನೆಯಲ್ಲಿ ಮನೆಮಾತನ್ನೇ ಬಿಡುತ್ತಾಳೆ. ಇಂಥ ಕುಟುಂಬಗಳನ್ನು ನಾವು ಕಂಡಿದ್ದೇವೆ. ಪಾರಾಯಣದ ಕ್ವಾಫನ್ನು ತಿದ್ದಲೇಬೇಕು, ಅದು ಉಸ್ತಾದರ ಹೊಣೆ. ಊಟಕ್ಕೆ ಕುಳಿತಾಗಿನ ಕ್ವಾಫ್ ಆ ಹೊಣೆಯೊಳಗೆ ಬರುವುದಿಲ್ಲ.

ಮುಂದಿನ ಬಾರಿ ಮಕ್ಕಳೊಂದಿಗೆ ಮುಸ್‌ಹಫ್ ತೆರೆದಾಗ ಸೂರಃ ಅಲ್ ಬಕರಃದ 245ನೆಯ ವಚನವನ್ನು ತೋರಿಸಬಹುದು. ಅಲ್ಲಾಹನು ಬಿಗಿಗೊಳಿಸುತ್ತಾನೆ, ವಿಶಾಲಗೊಳಿಸುತ್ತಾನೆ ಎಂಬ ಅರ್ಥ ಬರುವಲ್ಲಿ, ಎರಡನೆಯ ಕ್ರಿಯಾಪದದೊಳಗೆ ಬರೆದಿರುವುದು ಸ್ವಾದ್. ಅದರ ನೆತ್ತಿಯ ಮೇಲೆ ಒಂದು ಪುಟಾಣಿ ಸೀನ್ ಕುಳಿತಿದೆ. ನಾವು ಓದುವುದು ಆ ಪುಟಾಣಿ ಸೀನನ್ನು, ಕೆಳಗಿನ ಸ್ವಾದನ್ನು ಯಾರೂ ಅಳಿಸಿಲ್ಲ.